ಮಗುವಿನ ದಿನಚರಿಗೆ ಓದುಗರು ಯಾರು?

1791ರ ಮೇ ತಿಂಗಳಲ್ಲಿ, ಹಾಲೆಂಡಿನ ಡೆಲ್ಫ್ಟ್ ಪಟ್ಟಣದ ಬಳಿ, ಅನುಕೂಲಸ್ಥರ ಮನೆಯೊಂದರಲ್ಲಿ ಹತ್ತು ವರ್ಷದ ಹುಡುಗನೊಬ್ಬ ದಿನಚರಿ ಬರೆಯಲು ಕುಳಿತ. ಹೆಸರು ಒಟ್ಟೊ ಫಾನ್ ಎಕ್. ಬರೆಯಬೇಕೆಂಬ ಆಸೆ ಅವನದಲ್ಲ, ಅವನ ಅಪ್ಪ ಅಮ್ಮನದು. ಅಲ್ಲಿಂದ ಮುಂದೆ 1797ರವರೆಗೆ ಅವನು ಬರೆಯುತ್ತಲೇ ಹೋದ. ಸಾವಿರಕ್ಕೂ ಹೆಚ್ಚು ಪುಟಗಳು. ಬೆಳಿಗ್ಗೆ ಯಾವ ಪಾಠವಾಯಿತು, ಯಾವ ಪುಸ್ತಕ ಓದಿದೆ, ಯಾರ ಮಾತು ಮೀರಿದೆ, ಯಾರ ಮೇಲೆ ಸಿಟ್ಟು ಮಾಡಿಕೊಂಡೆ, ತೋಟಕ್ಕೆ ಹೋದೆನೋ ಇಲ್ಲವೋ. ಮರುವರ್ಷ, 1798ರಲ್ಲಿ, ಹದಿನೇಳರ ಹರೆಯದಲ್ಲಿ ಒಟ್ಟೊ ಕ್ಷಯ ರೋಗದಿಂದ ತೀರಿಕೊಂಡ. ಅವನು ಬಿಟ್ಟುಹೋದದ್ದು ಆ ದಿನಚರಿಯೊಂದನ್ನೇ ಎನ್ನಬೇಕು. ಅದಾಗಿ ಇನ್ನೂರು ವರ್ಷಕ್ಕೆ ಸರಿಯಾಗಿ, 1998ರಲ್ಲಿ, ಅರಿಯಾನ ಬಾಗರ್‌ಮನ್ ಮತ್ತು ರುಡಾಲ್ಫ್ ಡೆಕ್ಕರ್ ಎಂಬ ಇಬ್ಬರು ಚರಿತ್ರೆಕಾರರು ಅದನ್ನು ಅಚ್ಚಿಗೆ ತಂದರು. ಆಮೇಲೆ ಆ ಹುಡುಗನ ಸುತ್ತಲಿನ ಲೋಕದ ಬಗ್ಗೆಯೇ ದೊಡ್ಡದೊಂದು ಪುಸ್ತಕ ಬರೆದರು.

ಬಾಲ್ಯದ ಚರಿತ್ರೆಯ ಮೇಲೆ ಪಿಎಚ್.ಡಿ. ಮಾಡುತ್ತಿರುವ ನನಗೆ ಒಟ್ಟೊನ ಪರಿಚಯವಾದದ್ದು ಆ ಪುಸ್ತಕದ ಇಂಗ್ಲಿಷ್ ಅನುವಾದದಿಂದ. ನಮ್ಮ ಕ್ಷೇತ್ರದ ಒಂದು ಹಳೆಯ ಗೋಳಿದೆ. ಮಕ್ಕಳ ಬಗ್ಗೆ ದೊಡ್ಡವರು ಬರೆದದ್ದು ರಾಶಿ ರಾಶಿ ಸಿಗುತ್ತದೆ: ನೀತಿ ಪುಸ್ತಕ, ಶಾಲಾ ವರದಿ, ಆಸ್ಪತ್ರೆಯ ದಾಖಲೆ, ಅನಾಥಾಲಯದ ಲೆಕ್ಕ. ಮಕ್ಕಳೇ ಬರೆದದ್ದು ಮಾತ್ರ ಬಹಳ ಕಡಿಮೆ. ಹಾಗಾಗಿ ಏಳು ವರ್ಷ ಪಟ್ಟುಬಿಡದೆ ಬರೆದ ಹುಡುಗನೊಬ್ಬ ಸಿಕ್ಕಿದಾಗ ಯಾರಿಗೂ ಸಂಭ್ರಮವಾಗುತ್ತದೆ. ಇಗೋ, ಇಲ್ಲಿದೆ ಮಗುವಿನ ದನಿ ಅನ್ನಿಸುತ್ತದೆ. ಓದುತ್ತಾ ಹೋದಂತೆ ಸಂಭ್ರಮ ಇಳಿಯುತ್ತದೆ. ಏಕೆಂದರೆ ಆ ದಿನಚರಿಯನ್ನು ಒಟ್ಟೊನ ಅಪ್ಪ ಅಮ್ಮ ಓದುತ್ತಿದ್ದರು. ಕದ್ದಲ್ಲ, ಹಕ್ಕಿನಿಂದ. ಓದುತ್ತಾರೆಂಬುದು ಅವನಿಗೂ ಗೊತ್ತಿತ್ತು.

ಅವರನ್ನು ಕೆಟ್ಟವರೆನ್ನಲು ನನಗೆ ಮನಸ್ಸಿಲ್ಲ. ಅಪ್ಪ ಲಾಂಬರ್ಟ್ ಫಾನ್ ಎಕ್ ನ್ಯಾಯ ಬಲ್ಲವನು, ಹೊಸ ಗಾಳಿಗೆ ತೆರೆದುಕೊಂಡವನು, 1795ರಲ್ಲಿ ಹಾಲೆಂಡಿನಲ್ಲಿ ನಡೆದ ಕ್ರಾಂತಿಯ ಪಾಳಯದಲ್ಲಿದ್ದವನು. ಮಗನನ್ನು ಬಡಿದು ಬೆಳೆಸುವುದರಲ್ಲಿ ನಂಬಿಕೆಯಿರಲಿಲ್ಲ. ರೂಸೋ 'ಎಮಿಲ್' ಬರೆದು ಆಗ ಮೂವತ್ತು ವರ್ಷವಾಗಿತ್ತು. ಜರ್ಮನಿಯ ಶಿಕ್ಷಣ ಚಿಂತಕರು ಮಕ್ಕಳಿಗಾಗಿಯೇ ಪುಸ್ತಕ ಬರೆಯತೊಡಗಿದ್ದರು. ಮಗುವಿನ ಮನಸ್ಸು ತಿದ್ದಬಹುದಾದ ವಸ್ತು, ಬೆತ್ತಕ್ಕಿಂತ ವಿವೇಕದಿಂದ ತಿದ್ದಬೇಕು ಎಂಬ ನಂಬಿಕೆಯ ಕಾಲ ಅದು. ದಿನಚರಿ ಆ ನಂಬಿಕೆಯ ಉಪಕರಣ. ಮಗು ರಾತ್ರಿ ಕುಳಿತು ತನ್ನ ದಿನವನ್ನು ತಾನೇ ತೂಗಿ ನೋಡಲಿ, ತಪ್ಪು ತಾನೇ ಕಂಡುಕೊಳ್ಳಲಿ. ತಂದೆ ತಾಯಿ ಓದಿ ದಾರಿ ಹೇಳಲಿ. ವ್ಯಾಪಾರಿಗಳ ನಾಡಾದ ಹಾಲೆಂಡಿಗೆ ಈ ಕ್ರಮ ಅಪರಿಚಿತವೇನಲ್ಲ. ನಮ್ಮ ಅಂಗಡಿಕಾರರು ಕಿರ್ದಿ ಬರೆಯುತ್ತಿದ್ದ ಹಾಗೆ, ಇದು ನಡತೆಯ ಕಿರ್ದಿ: ಇಂದಿನ ಜಮೆ ಇಷ್ಟು, ಖರ್ಚು ಇಷ್ಟು. ಕಿರ್ದಿಯನ್ನು ಯಜಮಾನ ನೋಡುವುದು ಸಹಜವೇ.

ಆದರೆ ಯಜಮಾನ ನೋಡುವ ಕಿರ್ದಿಯಲ್ಲಿ ಗುಮಾಸ್ತ ಏನು ಬರೆಯುತ್ತಾನೆ? ಒಟ್ಟೊ ತಪ್ಪು ಒಪ್ಪಿಕೊಳ್ಳುತ್ತಾನೆ, ಬಹಳ ಸಲ ಒಪ್ಪಿಕೊಳ್ಳುತ್ತಾನೆ; ಅವೆಲ್ಲ ಮನೆಯವರಿಗೆ ಮೊದಲೇ ಗೊತ್ತಿರುವ ತಪ್ಪುಗಳು. ಮುಂದೆ ಸರಿಯಾಗಿರುತ್ತೇನೆ ಎನ್ನುತ್ತಾನೆ. ಎಷ್ಟೋ ಕಡೆ ಬರೆಯುವುದೇ ಹೊರೆಯಾಗಿರುವುದು ಸಾಲುಗಳ ನಡುವೆ ತಿಳಿಯುತ್ತದೆ. ಬಾಗರ್‌ಮನ್ ಮತ್ತು ಡೆಕ್ಕರ್ ಹೇಳುವ ಮುಖ್ಯ ಮಾತೂ ಇದೇ: ಇದನ್ನು ಅಂತರಂಗದ ದಾಖಲೆ ಎಂದು ಓದಲು ಹೋದರೆ ಮೋಸ ಹೋಗುತ್ತೀರಿ, ಇದು ಮಗುವೊಂದನ್ನು ರೂಪಿಸುವ ಪ್ರಯೋಗದ ದಾಖಲೆ. ಅಷ್ಟಾಗಿಯೂ ನಡುವೆ ಅಲ್ಲಲ್ಲಿ ಹುಡುಗ ಕಾಣಿಸಿಕೊಳ್ಳುತ್ತಾನೆ. ಪ್ರಾಣಿಗಳ ಸುದ್ದಿ ಬಂದಾಗ, ತೋಟದ ಸುದ್ದಿ ಬಂದಾಗ, ಅಂದರೆ ತಿದ್ದುವವರಿಗೆ ತಿದ್ದಲು ಏನೂ ಇಲ್ಲದ ಕಡೆ, ಅವನ ಗದ್ಯಕ್ಕೆ ಉಸಿರು ಬರುತ್ತದೆ.

ಮಕ್ಕಳು ಡೈರಿ ಬರೆಯುವುದರಿಂದ ಎಷ್ಟೊಂದು ಲಾಭ ಎಂದು ಈಗ ಎಲ್ಲೆಡೆ ಕೇಳುತ್ತೇವೆ. ಭಾಷೆ ಸುಧಾರಿಸುತ್ತದೆ, ಮನಸ್ಸು ಹಗುರಾಗುತ್ತದೆ, ಶಿಸ್ತು ಬರುತ್ತದೆ, ತನ್ನನ್ನು ತಾನು ಅರಿಯುತ್ತದೆ. ಸುಳ್ಳೇನಲ್ಲ. ಆದರೆ ಇನ್ನೂರು ಚಿಲ್ಲರೆ ವರ್ಷಗಳ ಮಕ್ಕಳ ದಿನಚರಿಗಳನ್ನು ನೋಡುತ್ತಾ ಬಂದವಳಿಗೆ ಒಂದು ಪ್ರಶ್ನೆ ಬಿಡದೆ ಕಾಡುತ್ತದೆ. ಈ ಲಾಭಗಳ ಪಟ್ಟಿಯಲ್ಲಿ ಯಾವುದು ಮಗುವಿಗೆ ದಕ್ಕುತ್ತದೆ, ಯಾವುದು ದಕ್ಕುವುದಿಲ್ಲ ಎಂಬುದನ್ನು ತೀರ್ಮಾನಿಸುವುದು ಬರೆಯುವ ಅಭ್ಯಾಸವೋ, ಅಥವಾ ಬರೆದದ್ದನ್ನು ಓದುವವರೋ?

ಸ್ಕಾಟ್ಲೆಂಡಿನ ಮಾರ್ಜರಿ ಫ್ಲೆಮಿಂಗ್ ಈ ಪ್ರಶ್ನೆಯನ್ನು ಸ್ವಲ್ಪ ಬೇರೆ ದಿಕ್ಕಿಗೆ ತಿರುಗಿಸುತ್ತಾಳೆ. 1803ರಲ್ಲಿ ಹುಟ್ಟಿದ ಈ ಹುಡುಗಿ ಎಡಿನ್‌ಬರೋದಲ್ಲಿ ನೆಂಟರ ಮನೆಯಲ್ಲಿದ್ದಾಗ ಅವಳ ಸೋದರಸಂಬಂಧಿ ಇಸಬೆಲ್ಲಾ ಕೀತ್ ಕಾಪಿ ಬರೆಸಲೆಂದು ದಿನಚರಿ ಹಿಡಿಸಿದಳು. ಕಾಗುಣಿತ ತಿದ್ದಿದವಳೂ ಅವಳೇ. ಮೇಲ್ನೋಟಕ್ಕೆ ಒಟ್ಟೊನದೇ ಸ್ಥಿತಿ. ಆದರೆ ಮಾರ್ಜರಿ ಬರೆದದ್ದನ್ನು ಓದಿದರೆ ನಗು ತಡೆಯುವುದು ಕಷ್ಟ. ಮಗ್ಗಿಯಲ್ಲಿ ಏಳೇಳಲೆ, ಎಂಟೆಂಟಲೆ ತನಗೆ ಕೊಡುವ ಹಿಂಸೆಯನ್ನು ಸೈತಾನನ ಲೆಕ್ಕಕ್ಕೆ ಬರೆಯುತ್ತಾಳೆ. ಸಿಟ್ಟು ಬಂದು ಕಾಲು ಅಪ್ಪಳಿಸಿ ಟೋಪಿ ಎಸೆದದ್ದನ್ನು ಒಪ್ಪಿಕೊಳ್ಳುತ್ತಾಳೆ, ಇಸಾ ಹೊಡೆಯಲಿಲ್ಲ ಎಂದು ಅಚ್ಚರಿಪಡುತ್ತಾಳೆ. ಇಸಾ ತಿದ್ದುತ್ತಿದ್ದದ್ದು ಅಕ್ಷರವನ್ನು. ಮನಸ್ಸನ್ನು ಹಾಗೆಯೇ ಬಿಟ್ಟಳು, ಬಹುಶಃ ಓದಿ ನಕ್ಕಳು. 1811ರ ಡಿಸೆಂಬರಿನಲ್ಲಿ, ಒಂಬತ್ತು ತುಂಬುವ ಮೊದಲೇ, ಮಾರ್ಜರಿ ತೀರಿಕೊಂಡಳು. ಅರ್ಧ ಶತಮಾನದ ನಂತರ ಆ ಪುಸ್ತಕಗಳು ವಿಕ್ಟೋರಿಯನ್ ಸಂಪಾದಕರ ಕೈಗೆ ಸಿಕ್ಕವು. ಅವರು ಮಾಡಿದ್ದು ನೋಡಿ: ಒರಟು ಮಾತುಗಳನ್ನು ತೆಗೆದರು, ಮುದ್ದು ಸೇರಿಸಿದರು, 'ಪೆಟ್ ಮಾರ್ಜರಿ' ಎಂಬ ಬೊಂಬೆ ಮಾಡಿದರು. ಬದುಕಿದ್ದಾಗಿನ ಓದುಗಳು ಬಿಟ್ಟುಕೊಟ್ಟದ್ದನ್ನು ಸತ್ತ ಮೇಲಿನ ಓದುಗರು ಕಿತ್ತುಕೊಂಡರು. ಮೂಲ ಹಸ್ತಪ್ರತಿ ಇದ್ದದ್ದು ಇದ್ದಂತೆ ಜನರಿಗೆ ಸಿಗಲು 1934ರವರೆಗೆ ಕಾಯಬೇಕಾಯಿತು.

ಅಮೆರಿಕದ ಆಲ್ಕಾಟ್ ಮನೆಯದು ಇದಕ್ಕಿಂತ ಸಿಕ್ಕಲಿನ ಕಥೆ. ಬ್ರಾನ್ಸನ್ ಆಲ್ಕಾಟ್ ಶಿಕ್ಷಣದ ಹುಚ್ಚು ಹಿಡಿದಿದ್ದ ಮನುಷ್ಯ. ಹೆಣ್ಣುಮಕ್ಕಳು ಹುಟ್ಟಿದ ದಿನದಿಂದ ಅವರ ಅಳು, ನಗು, ಹಟಗಳನ್ನೆಲ್ಲ ಹಾಳೆಗಟ್ಟಲೆ ದಾಖಲಿಸಿದವನು. 1834ರಲ್ಲಿ ಬಾಸ್ಟನ್ನಿನಲ್ಲಿ ತೆರೆದ ಶಾಲೆಯಲ್ಲೂ ಮಕ್ಕಳು ದಿನಚರಿ ಬರೆಯಬೇಕಿತ್ತು. ಮನೆಯಲ್ಲಂತೂ ಎಲ್ಲರೂ ಬರೆಯುತ್ತಿದ್ದರು, ಮಕ್ಕಳ ದಿನಚರಿಯನ್ನು ಹೆತ್ತವರು ಓದುತ್ತಿದ್ದರು. 1843ರಲ್ಲಿ ಆ ಕುಟುಂಬ 'ಫ್ರೂಟ್‌ಲ್ಯಾಂಡ್ಸ್' ಎಂಬ ಆದರ್ಶ ಸಮುದಾಯ ಕಟ್ಟಲು ಹಳ್ಳಿಗೆ ಹೋಗಿ, ಚಳಿಗಾಲ ದಾಟಲಾರದೆ ಕೈಚೆಲ್ಲಿತು. ಆಗ ಎರಡನೆಯ ಮಗಳು ಲೂಯಿಸಾಳಿಗೆ ಹತ್ತು ವರ್ಷ. ಅವಳ ದಿನಚರಿಯಲ್ಲಿ ಅಮ್ಮ ಅಬಿಗೈಲ್ ಚಿಕ್ಕ ಚಿಕ್ಕ ಟಿಪ್ಪಣಿಗಳನ್ನು ಬರೆದಿಡುತ್ತಿದ್ದಳು: ನಿನ್ನ ಕಷ್ಟ ಕಂಡೆ, ಧೈರ್ಯವಾಗಿರು ಎಂಬ ಬಗೆಯವು. ಅಪ್ಪನ ಓದಿಗೂ ಅಮ್ಮನ ಓದಿಗೂ ವ್ಯತ್ಯಾಸವಿದೆ. ಅಪ್ಪನಿಗೆ ಮಗಳು ಒಂದು ಸಿದ್ಧಾಂತದ ಸಾಕ್ಷಿ. ಅಮ್ಮ ಅಲ್ಲೇ, ಅದೇ ಪುಟದಲ್ಲಿ, ಉತ್ತರ ಬರೆದವಳು. ಮುಂದೆ 'ಲಿಟಲ್ ವಿಮೆನ್' ಬರೆದು ಹೆಸರಾದ ಲೂಯಿಸಾ ಮೇ ಆಲ್ಕಾಟ್ ದೊಡ್ಡವಳಾದ ಮೇಲೆ ತನ್ನ ಬಾಲ್ಯದ ಆ ದಿನಚರಿಗಳನ್ನು ತೆಗೆದು ಅಂಚಿನಲ್ಲಿ ತಾನೂ ಟಿಪ್ಪಣಿ ಹಾಕಿದಳು. ಮಗು, ಅಮ್ಮ, ದೊಡ್ಡವಳಾದ ಮಗು, ಮೂವರೂ ಒಂದೇ ಹಾಳೆಯ ಮೇಲೆ. ಬಹಳಷ್ಟನ್ನು ಆಕೆ ಸುಟ್ಟಳೂ ಕೂಡ. ಅದೂ ಒಂದು ಬಗೆಯ ಓದೇ ಇರಬೇಕು.

ಈಗ ನನ್ನನ್ನು ಬಹುಕಾಲ ಹಿಡಿದಿಟ್ಟ ಎರಡು ದಿನಚರಿಗಳಿಗೆ ಬರುತ್ತೇನೆ. ಇಬ್ಬರು ಹುಡುಗಿಯರು, ಹೆಚ್ಚುಕಡಿಮೆ ಒಂದೇ ವಯಸ್ಸು, ಒಂದೇ ವರ್ಷ, ಇಬ್ಬರೂ ನಾಲ್ಕು ಗೋಡೆಗಳ ಒಳಗೆ. ಒಬ್ಬಳು ಪುಣೆಯಲ್ಲಿ, ಒಬ್ಬಳು ಆಮ್‌ಸ್ಟರ್‌ಡಾಮಿನಲ್ಲಿ.

ಪುಣೆಯ ಹುಡುಗಿ ಮನು ಗಾಂಧಿ. 1942ರ ಆಗಸ್ಟ್ 9ರಂದು ಬಂಧಿತರಾದ ಗಾಂಧೀಜಿಯನ್ನು ಸರ್ಕಾರ ಆಗಾಖಾನ್ ಅರಮನೆಯಲ್ಲಿ ಸೆರೆಯಿಟ್ಟಿತು. ವಾರ ಕಳೆಯುವಷ್ಟರಲ್ಲಿ ಮಹಾದೇವ ದೇಸಾಯಿ ಅಲ್ಲೇ ತೀರಿಕೊಂಡರು. ಕಸ್ತೂರಬಾ ಅವರ ಆರೋಗ್ಯ ಕೆಟ್ಟಾಗ ಆರೈಕೆಗೆಂದು 1943ರಲ್ಲಿ ಮನು ಅಲ್ಲಿಗೆ ಬಂದಳು. ಗಾಂಧೀಜಿಯ ಅಣ್ಣತಮ್ಮಂದಿರ ಮನೆಯ ಮೊಮ್ಮಗಳು, ತಾಯಿಯಿಲ್ಲದ ಹದಿನೈದು ಹದಿನಾರರ ಹುಡುಗಿ. ಆ ವರ್ಷದ ಏಪ್ರಿಲ್‌ನಲ್ಲಿ ಅವಳು ಗುಜರಾತಿಯಲ್ಲಿ ದಿನಚರಿ ಆರಂಭಿಸಿದಳು. ತನ್ನೊಡನಿರುವವರು ದಿನಚರಿ ಬರೆಯಬೇಕೆಂಬುದು ಗಾಂಧೀಜಿಯ ಆಗ್ರಹ. ಸತ್ಯದ ದಾರಿಯಲ್ಲಿ ನಡೆಯುವವರಿಗೆ ಅದು ಕಾವಲುಗಾರ ಎಂದು ಅವರು ನಂಬಿದ್ದರು. ಬೆಳಗಿನ ಪ್ರಾರ್ಥನೆ, ಬಾ ಅವರ ಸೇವೆ, ಪಾಠ, ಅಡಿಗೆ, ನೂತ ನೂಲಿನ ಲೆಕ್ಕ. ಆ ಪುಟಗಳನ್ನು ಗಾಂಧೀಜಿ ಓದುತ್ತಿದ್ದರು, ತಿದ್ದುತ್ತಿದ್ದರು, 'ಬಾಪು' ಎಂದು ಸಹಿ ಹಾಕುತ್ತಿದ್ದರು. ಇದನ್ನು ತ್ರಿದೀಪ್ ಸುಹೃದ್ 2019ರಲ್ಲಿ ಇಂಗ್ಲಿಷಿಗೆ ತಂದಿದ್ದಾರೆ.

ಆ ಸಹಿ ನೋಡಿದಾಗ ನನಗೆ ಒಟ್ಟೊನ ನೆನಪಾಯಿತು. ನೂರೈವತ್ತು ವರ್ಷ, ಏಳು ಸಾವಿರ ಕಿಲೋಮೀಟರು ದಾಟಿ ಅದೇ ಕಿರ್ದಿ. ಆದರೆ ಪೂರ್ತಿ ಅದೇ ಅಲ್ಲ. ಇಲ್ಲಿ ಓದುವವರೂ ತಮ್ಮ ಜೀವಮಾನವಿಡೀ ತಮ್ಮನ್ನು ಹಾಗೆಯೇ ತೂಗಿ ನೋಡಿಕೊಂಡು, ಅದನ್ನು ಊರಿಗೆಲ್ಲ ಓದಲು ಕೊಟ್ಟವರು. ತಾನು ಮಾಡದ್ದನ್ನು ಮಗುವಿಗೆ ಹೇಳಿದವರಲ್ಲ. 1944ರ ಫೆಬ್ರವರಿ 22ರಂದು ಕಸ್ತೂರಬಾ ತೀರಿಕೊಂಡಾಗ ಮನುವಿಗೆ ಎರಡನೆಯ ಸಲ ತಾಯಿ ಹೋದಂತೆ. ಆ ದಿನಗಳನ್ನು ಅವಳು ಬರೆದಿದ್ದಾಳೆ, ಬರೆದದ್ದು ಉಳಿದಿದೆ. ಸೆರೆಮನೆಯೊಳಗಿನ ಆ ಸಾವನ್ನು ಹದಿಹರೆಯದ ಕಣ್ಣಿಂದ ಕಂಡ ದಾಖಲೆ ಬೇರೆಲ್ಲಿದೆ? ಆದರೂ ನಾನು ಓದುವಾಗ ಪ್ರತಿ ಪುಟದ ಕೆಳಗೆ ಕಾಣದ ಇನ್ನೊಂದು ಪುಟವನ್ನು ಹುಡುಕುತ್ತಿರುತ್ತೇನೆ: ಬಾಪು ಓದುವುದಿಲ್ಲವೆಂದಿದ್ದರೆ ಇವಳು ಇಂದು ಏನು ಬರೆಯುತ್ತಿದ್ದಳು? (ಮುಂದೆ ನೌಖಾಲಿಯ ದಿನಗಳಲ್ಲಿ ಆಕೆ ಬರೆದ ದಿನಚರಿಗಳನ್ನು ಓದುವಾಗ ಈ ಪ್ರಶ್ನೆ ಇನ್ನೂ ಭಾರವಾಗುತ್ತದೆ. ಅದು ಬೇರೆಯೇ ಲೇಖನದ ವಿಷಯ.)

ಆಮ್‌ಸ್ಟರ್‌ಡಾಮಿನ ಹುಡುಗಿಯನ್ನು ಪರಿಚಯಿಸಬೇಕಿಲ್ಲ. ಆ್ಯನ್ ಫ್ರಾಂಕ್‌ಗೆ ದಿನಚರಿ ಸಿಕ್ಕಿದ್ದು 1942ರ ಜೂನ್ 12ರಂದು, ಹದಿಮೂರು ತುಂಬಿದ ಹುಟ್ಟುಹಬ್ಬಕ್ಕೆ. ಇಪ್ಪತ್ತನಾಲ್ಕು ದಿನಗಳ ನಂತರ ಕುಟುಂಬ ಅಡಗುದಾಣ ಸೇರಿತು. ಎಂಟು ಜನ, ಸಣ್ಣ ಜಾಗ, ಹಗಲೆಲ್ಲ ಪಿಸುಮಾತು. ಅಂಥಲ್ಲಿ ಗುಟ್ಟಾಗಿ ಬರೆಯುವುದೆಂದರೆ ಜಾಗಕ್ಕೆ ಜಗಳ. ಒಂದೇ ಕೋಣೆ ಹಂಚಿಕೊಂಡಿದ್ದ ದಂತವೈದ್ಯನೊಡನೆ ಅಲ್ಲಿದ್ದ ಚಿಕ್ಕ ಮೇಜಿಗಾಗಿ ಅವಳು ಹೋರಾಡಿದ್ದು ಗೊತ್ತಿರಬಹುದು: ವಾರಕ್ಕೆ ಎರಡು ಮಧ್ಯಾಹ್ನ ಮೇಜು ತನಗೆ ಬೇಕು ಎಂದು. ಕೊನೆಗೆ ಅಪ್ಪ ನಡುವೆ ಬರಬೇಕಾಯಿತು. ದಿನಚರಿಯನ್ನು ರಾತ್ರಿ ಅಪ್ಪನ ಕೈಚೀಲದಲ್ಲಿ ಇಡುತ್ತಿದ್ದಳು. ಅಪ್ಪ ಅದನ್ನು ತೆರೆದು ಓದಲಿಲ್ಲ. ಅವನ ಹೆಸರೂ ಒಟ್ಟೊ! ಹಾಲೆಂಡಿನ ಮೊದಲ ಒಟ್ಟೊ ಅಪ್ಪನಿಗಾಗಿ ಬರೆದ ಮಗ; ಎರಡನೆಯ ಒಟ್ಟೊ ಮಗಳು ಬರೆದದ್ದನ್ನು ಓದದೆ ಕಾಯ್ದ ಅಪ್ಪ. ಎಂಟು ಜನರಲ್ಲಿ ಉಳಿದು ಬಂದವನು ಅವನೊಬ್ಬನೇ. ಮಗಳ ಬರಹವನ್ನು ಮೊದಲ ಸಲ ಓದಿದಾಗ, ಇಷ್ಟು ಹತ್ತಿರವಿದ್ದೂ ಇವಳು ನನಗೆ ಗೊತ್ತೇ ಇರಲಿಲ್ಲ ಎಂಬ ಅರ್ಥದ ಮಾತನ್ನು ಅವನು ಆಮೇಲೆ ಹೇಳಿದ್ದುಂಟು.

ಹಾಗೆಂದು ಆ್ಯನ್ ಯಾರಿಗೂ ಕಾಣಬಾರದೆಂದೇ ಬರೆದಳು ಎನ್ನುವುದೂ ತಪ್ಪಾಗುತ್ತದೆ. 1944ರ ಮಾರ್ಚ್ 28ರಂದು ಲಂಡನ್ನಿನಿಂದ ಡಚ್ ರೇಡಿಯೋದಲ್ಲಿ ಮಂತ್ರಿ ಬೋಲ್ಕೆಸ್ಟೈನ್ ಮಾತಾಡಿ, ಯುದ್ಧಕಾಲದ ಪತ್ರ, ದಿನಚರಿಗಳನ್ನು ಜನ ಕಾದಿಡಬೇಕೆಂದು ಕೇಳಿಕೊಂಡ. ಆ್ಯನ್ ಮೇ ತಿಂಗಳಲ್ಲಿ ಕುಳಿತು ತನ್ನ ದಿನಚರಿಯನ್ನೆಲ್ಲ ಬಿಡಿ ಹಾಳೆಗಳ ಮೇಲೆ ಹೊಸದಾಗಿ ಬರೆಯತೊಡಗಿದಳು. ಬೇಡದ್ದು ಬಿಟ್ಟಳು, ಬೇಕಾದ್ದು ಸೇರಿಸಿದಳು, ಹೆಸರು ಬದಲಿಸಿದಳು. ಓದುಗರು ಬರಲಿ, ಆದರೆ ನಾನು ಕೊಟ್ಟಷ್ಟೇ, ಕೊಟ್ಟಾಗಲೇ ಎಂದಂತೆ. ಆಗಸ್ಟ್ 4ರಂದು ಬಂಧನವಾಗುವವರೆಗೂ ಆ ಕೆಲಸ ನಡೆದಿತ್ತು. ಮೊದಲ ದಿನಚರಿಯ ಎರಡು ಪುಟಗಳ ಮೇಲೆ ಅವಳು ಕಂದು ಕಾಗದ ಅಂಟಿಸಿದ್ದಳು. 2018ರಲ್ಲಿ ಸಂಶೋಧಕರು ಹಿಂದಿನಿಂದ ಬೆಳಕು ಹಾಯಿಸಿ, ಫೋಟೋ ತೆಗೆದು ಅವನ್ನೂ ಓದಿದರು. ಇದ್ದದ್ದು ನಾಲ್ಕು ಪೋಲಿ ಜೋಕು, ಮೈ ಬೆಳೆಯುವುದರ ಬಗ್ಗೆ ಒಂದಿಷ್ಟು ಕುತೂಹಲ. ಹದಿಮೂರರ ಹುಡುಗಿಯರೆಲ್ಲರ ತಲೆಯಲ್ಲಿರುವುದೇ. ಸಂಶೋಧಕಿಯಾಗಿ ನನಗೆ ಅವರ ಕುತೂಹಲ ಅರ್ಥವಾಗುತ್ತದೆ. ಆ ಕಂದು ಕಾಗದವೂ ಅರ್ಥವಾಗುತ್ತದೆ. ಎರಡರಲ್ಲಿ ಯಾವ ಪಕ್ಷ ಎಂದು ಕೇಳಿದರೆ ನಾನು ಕಾಗದದ ಪಕ್ಷ.

ಮನಶ್ಶಾಸ್ತ್ರದವರು ಈ ವಿಷಯಕ್ಕೆ ಬಂದದ್ದು ತಡವಾಗಿ. 1986ರಲ್ಲಿ ಜೇಮ್ಸ್ ಪೆನ್ನೆಬೇಕರ್ ಮತ್ತು ಸ್ಯಾಂಡ್ರಾ ಬೀಲ್ ಅಮೆರಿಕದ ಕಾಲೇಜು ವಿದ್ಯಾರ್ಥಿಗಳಿಗೆ ನಾಲ್ಕು ದಿನ, ದಿನಕ್ಕೆ ಹದಿನೈದು ನಿಮಿಷ, ಬದುಕಿನ ಕಹಿ ಘಟನೆಯ ಬಗ್ಗೆ ಬರೆಯಲು ಹೇಳಿದರು. ನಡೆದದ್ದನ್ನೂ ಅನ್ನಿಸಿದ್ದನ್ನೂ ಕೂಡಿಸಿ ಬರೆದವರಿಗೆ ಬರೆದ ಕೂಡಲೇ ಮನಸ್ಸು ಕೆಟ್ಟಿತು. ಆದರೆ ಮುಂದಿನ ತಿಂಗಳುಗಳಲ್ಲಿ ಅವರು ವೈದ್ಯರ ಬಳಿ ಹೋದದ್ದು ಕಡಿಮೆ. ಡೈರಿ ಬರೆದರೆ ಆರೋಗ್ಯ ಎಂಬ ಇಂದಿನ ಮಾತಿನ ಬೇರು ಬಹುಪಾಲು ಇಲ್ಲಿದೆ. ಹದಿಹರೆಯದವರ ಮೇಲೆ ಆಮೇಲೆ ನಡೆದ ಇಂಥ ಅಧ್ಯಯನಗಳನ್ನು 2015ರಲ್ಲಿ ಒಟ್ಟುಹಾಕಿ ನೋಡಿದಾಗ ಪ್ರಯೋಜನ ಕಂಡಿತು, ಆದರೆ ಸಣ್ಣದು. ಇದನ್ನೆಲ್ಲ ಉದ್ಧರಿಸುವವರು ಬಿಟ್ಟುಬಿಡುವ ಒಂದು ವಿವರವಿದೆ. ಪೆನ್ನೆಬೇಕರ್ ಪ್ರಯೋಗದಲ್ಲಿ ಬರೆದದ್ದು ಗುಟ್ಟಾಗಿರುತ್ತದೆಂಬ ಭರವಸೆಯಿತ್ತು. ಕಾಗುಣಿತ, ವ್ಯಾಕರಣದ ಚಿಂತೆ ಬೇಡ ಎಂದಿದ್ದರು. ಅಂಕವಿರಲಿಲ್ಲ, ಸಹಿಯಿರಲಿಲ್ಲ.

ಇದನ್ನೆಲ್ಲ ಓದಿಕೊಂಡಿದ್ದ ದಿನಗಳಲ್ಲೇ ನನ್ನ ಅಕ್ಕನ ಮಗಳ 'ಕೃತಜ್ಞತಾ ಡೈರಿ' ಕಣ್ಣಿಗೆ ಬಿತ್ತು. ಅವಳು ನಾಲ್ಕನೆಯ ತರಗತಿ. ದಿನಕ್ಕೆ ಮೂರು ಒಳ್ಳೆಯ ಸಂಗತಿ ಬರೆಯಬೇಕು, ಮನೆಯವರು ಸಹಿ ಹಾಕಬೇಕು, ಶುಕ್ರವಾರ ಶಾಲೆಯಲ್ಲಿ ನೋಡಿ ನಕ್ಷತ್ರ ಅಂಟಿಸುತ್ತಾರೆ. ಬೇಸಿಗೆಗೆ ಮುಂಚೆ ಅವಳ ಅಪ್ಪನ ತಾಯಿ ತೀರಿಕೊಂಡಿದ್ದರು. ಅಜ್ಜಿಯ ಪಕ್ಕದಲ್ಲೇ ಮಲಗುತ್ತಿದ್ದ ಹುಡುಗಿ. ಆ ದಿನದ ಪುಟದಲ್ಲಿ ಹೀಗಿತ್ತು: ಇಂದು ಶಾಲೆಗೆ ರಜೆ ಸಿಕ್ಕಿತು. ದಾವಣಗೆರೆಯಿಂದ ಅಣ್ಣಂದಿರು ಬಂದರು. ಪಕ್ಕದ ಮನೆ ಆಂಟಿ ಉಪ್ಪಿಟ್ಟು ತಂದುಕೊಟ್ಟರು. ಕೆಳಗೆ ಅಕ್ಕನ ಸಹಿ, ಅದರ ಪಕ್ಕ ಹೊಳೆಯುವ ನಕ್ಷತ್ರ.

ಶಿಕ್ಷಕಿಯನ್ನು ದೂರುವುದು ನನ್ನ ಉದ್ದೇಶವಲ್ಲ. ನಲವತ್ತೋ ಐವತ್ತೋ ಪುಸ್ತಕ ನೋಡುವವರು ಮೂರು ಸಾಲು ಇದೆಯೇ ಎಂದು ನೋಡುತ್ತಾರೆ. ಅಕ್ಕ ಯಾವ ಸ್ಥಿತಿಯಲ್ಲಿ ಸಹಿ ಹಾಕಿದಳೋ. ಹುಡುಗಿ ಸುಳ್ಳನ್ನೂ ಬರೆದಿಲ್ಲ, ಮೂರೂ ನಿಜ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಉಪ್ಪಿಟ್ಟು ಹೊರಗಿನಿಂದಲೇ ಬರಬೇಕು. ಹಸಿದ ಮಗುವಿಗೆ ಅದು ಒಳ್ಳೆಯ ಸಂಗತಿಯೇ. ಆದರೆ ನೂರು ವರ್ಷದ ನಂತರ ನನ್ನಂಥ ಯಾರಾದರೂ ಈ ಪುಟ ಹಿಡಿದು ಕುಳಿತರೆ ಏನೆಂದುಕೊಳ್ಳುತ್ತಾರೆ? ಅಜ್ಜಿ ಸತ್ತದ್ದು ಅವರಿಗೆ ಗೊತ್ತೇ ಆಗುವುದಿಲ್ಲ. ನಾನು ಅವಳ ಲೆಕ್ಕದ ನೋಟ್‌ಬುಕ್ಕಿನ ಕೊನೆಯ ಪುಟ ತಿರುಗಿಸಿದೆ. ನಾವೆಲ್ಲ ನಿಜವಾದ ವಿಷಯ ಬರೆಯುತ್ತಿದ್ದದ್ದು ಅಲ್ಲೇ ಅಲ್ಲವೇ? ಅಲ್ಲಿ ಅಜ್ಜಿಯ ಎಲೆಡಿಕೆ ಡಬ್ಬಿಯ ಚಿತ್ರವಿತ್ತು, ಒಳಗಿನ ಮನೆ ಮನೆಗೂ ಹೆಸರು ಬರೆದು: ಸುಣ್ಣ, ಅಡಿಕೆ, ಲವಂಗ, ಚಿಲ್ಲರೆ. ಪುಸ್ತಕ ಮುಚ್ಚಿಟ್ಟೆ. ಅಕ್ಕನಿಗೂ ಹೇಳಲಿಲ್ಲ.

ಹಾಗಾದರೆ ಮಕ್ಕಳು ಬರೆದದ್ದನ್ನು ಯಾರೂ ಓದಲೇಬಾರದೇ? ಜಪಾನಿನ ಕಥೆ ತಿಳಿಯುವವರೆಗೆ ನಾನು ಹೌದು ಎನ್ನುತ್ತಿದ್ದೆ.

ಜಪಾನಿನಲ್ಲಿ 1918ರಲ್ಲಿ 'ಅಕಾಯ್ ತೋರಿ', ಅಂದರೆ 'ಕೆಂಪು ಹಕ್ಕಿ', ಎಂಬ ಮಕ್ಕಳ ಪತ್ರಿಕೆ ಹುಟ್ಟಿತು. ಹಳೆಯ ಮಾದರಿಗಳನ್ನು ನೋಡಿ ನಕಲು ಬರೆಯುವ ಬದಲು ಕಂಡದ್ದನ್ನು ಕಂಡಂತೆ ಬರೆಯಿರಿ ಎಂದು ಅದು ಮಕ್ಕಳಿಗೆ ಹೇಳಿತು. ಮುಂದಿನ ದಶಕಗಳಲ್ಲಿ ಬಡ ಉತ್ತರ ಪ್ರಾಂತಗಳ ಶಾಲಾ ಮೇಷ್ಟ್ರುಗಳು ಇದನ್ನು ಇನ್ನೂ ನೆಲಕ್ಕಿಳಿಸಿದರು. ಅವರ ಚಳವಳಿಗೆ 'ಬದುಕಿನ ಬರವಣಿಗೆ' ಎಂದು ಹೆಸರು. ಮಗು ತನ್ನ ಮನೆಯ ಊಟ, ಸಾಲ, ದುಡಿಮೆಗಳ ಬಗ್ಗೆ ಬರೆಯಬೇಕು, ತರಗತಿ ಅದನ್ನು ಒಟ್ಟಿಗೆ ಓದಿ ಚರ್ಚಿಸಬೇಕು. ಅಪಾಯವಿಲ್ಲದ ದಾರಿಯಲ್ಲ ಇದು. ತೋಕಿಯೋದ ತಗಡು ಕೆಲಸದವನ ಮಗಳು ತೊಯೊದಾ ಮಸಾಕೊ ಕೇಳಿದ ಮಾತನ್ನು ಹಾಗೆಯೇ ಬರೆದು, ಅದು ಅಚ್ಚಾಗಿ, ಅಪ್ಪನ ದುಡಿಮೆಗೇ ಸಂಚಕಾರ ಬಂದಿತ್ತು. ಅವಳ ಬರಹಗಳ ಪುಸ್ತಕ 1937ರಲ್ಲಿ ಬಂದು ಮರುವರ್ಷವೇ ಸಿನಿಮಾ ಆಯಿತು. 1940ರ ಹೊತ್ತಿಗೆ ಯುದ್ಧದ ಸರ್ಕಾರ ಈ ಮೇಷ್ಟ್ರುಗಳನ್ನು ಹಿಡಿದು ಜೈಲಿಗೆ ಹಾಕತೊಡಗಿತು. ಮಕ್ಕಳು ಅನ್ನದ ಲೆಕ್ಕ ಬರೆಯುವುದು ಅದಕ್ಕೆ ಕ್ರಾಂತಿಯಂತೆ ಕಂಡಿತ್ತು.

ಯುದ್ಧ ಮುಗಿದ ಮೇಲೆ, 1948ರಲ್ಲಿ, ಮುಚಾಕು ಸೇಕ್ಯೋ ಎಂಬ ಇಪ್ಪತ್ತೊಂದರ ಯುವಕ ಯಮಗಾತಾ ಪ್ರಾಂತದ ಯಮಾಮೊತೊ ಎಂಬ ಬೆಟ್ಟದ ಹಳ್ಳಿಗೆ ಮೇಷ್ಟ್ರಾಗಿ ಬಂದ. ಬೌದ್ಧ ಗುಡಿಯ ಅರ್ಚಕರ ಮನೆಯ ಹುಡುಗ. ತರಗತಿಯಲ್ಲಿ ನಲವತ್ತಮೂರು ಮಕ್ಕಳು. ಆಗಷ್ಟೇ ಹೊಸದಾಗಿ ಬಂದ ಸಮಾಜ ಪಾಠದ ಪುಸ್ತಕದಲ್ಲಿ ಹಳ್ಳಿಯ ಶಾಲೆಗಳ ಬಗ್ಗೆ ಚೆಂದದ ಮಾತುಗಳಿದ್ದವು. ಇವರ ಶಾಲೆಗೆ ಹುಲ್ಲಿನ ಮಾಡು, ಗೋಡೆಯಲ್ಲಿ ಗಾಳಿ ನುಗ್ಗುವ ಸಂದು. ಪುಸ್ತಕ ಹೇಳುವುದಕ್ಕೂ ನಮ್ಮ ಊರಿಗೂ ಯಾಕೆ ತಾಳೆಯಾಗುವುದಿಲ್ಲ? ಮುಚಾಕು ಅಲ್ಲಿಂದಲೇ ಶುರುಮಾಡಿದ. ಮಕ್ಕಳು ತಮ್ಮ ಮನೆಯ ಬಗ್ಗೆ ಬರೆದರು, ಬರೆದದ್ದನ್ನು ಕೈಯಚ್ಚಿನ ಪತ್ರಿಕೆ ಮಾಡಿದರು, ಒಬ್ಬರದನ್ನು ಒಬ್ಬರು ಓದಿದರು. 1951ರಲ್ಲಿ ಅದು 'ಯಮಾಬಿಕೊ ಗಕ್ಕೋ', ಮಾರ್ದನಿಯ ಶಾಲೆ, ಎಂಬ ಪುಸ್ತಕವಾಗಿ ಜಪಾನಿನ ಮನೆಮನೆ ಸೇರಿತು. ಊರಿನವರಿಗೆ ಅದು ಹಿತವೆನಿಸಲಿಲ್ಲ. ನಮ್ಮ ಬಡತನವನ್ನು ಬೀದಿಗಿಟ್ಟ ಎಂಬ ಸಿಟ್ಟು ಎದ್ದಿತು; 1954ರಲ್ಲಿ ಮುಚಾಕು ಊರು ಬಿಟ್ಟು ತೋಕಿಯೋ ಸೇರಿದ. ಆ ಸಿಟ್ಟನ್ನು ಪೂರ್ತಿ ತಳ್ಳಿಹಾಕಲು ನನ್ನಿಂದಾಗುವುದಿಲ್ಲ. ತರಗತಿಯೊಳಗೆ ಓದುವುದು ಒಂದು, ದೇಶವೆಲ್ಲ ಓದುವುದು ಇನ್ನೊಂದು.

ಆ ತರಗತಿಯೊಳಗೆ ನಡೆದದ್ದನ್ನು ಮಾತ್ರ ಹೇಳಬೇಕು. ಎಗುಚಿ ಕೋಇಚಿ ಎಂಬ ಹುಡುಗನಿಗೆ ಅಪ್ಪ ಮೊದಲೇ ಇರಲಿಲ್ಲ. 1949ರ ಕೊನೆಯಲ್ಲಿ ತಾಯಿಯೂ ಹೋದಳು. ಅವನು ಆ ಸಾವಿನ ಬಗ್ಗೆ ಬರೆದ. ಬರಹದಲ್ಲಿ ಅಳುವಿನಷ್ಟೇ ಲೆಕ್ಕವೂ ಇದೆ: ಹೊಗೆಸೊಪ್ಪಿನಿಂದ ಬಂದದ್ದು ಎಷ್ಟು, ಸರ್ಕಾರದ ನೆರವು ಎಷ್ಟು, ಅಕ್ಕಿಗೆ ಎಷ್ಟು, ಸಾಲ ಎಷ್ಟು. ಇಡೀ ಆಯುಷ್ಯ ದುಡಿದೂ ಅಮ್ಮ ಯಾಕೆ ಬಡವಳಾಗಿಯೇ ಸತ್ತಳು, ಅವಳಷ್ಟೇ ದುಡಿದರೆ ನನಗಾದರೂ ಬೇರೆಯಾಗುತ್ತದೆಯೇ ಎಂದು ಕೂಡಿ ಕಳೆದು ನೋಡುತ್ತಾನೆ. ಇದೂ ಕಿರ್ದಿಯೇ; ಆದರೆ ಇಲ್ಲಿ ತೂಗುತ್ತಿರುವುದು ಮಗುವಿನ ನಡತೆಯನ್ನಲ್ಲ, ಮಗು ನಿಂತ ನೆಲವನ್ನು. ಈ ಬರಹಕ್ಕೆ ಮುಂದೆ ಶಿಕ್ಷಣ ಮಂತ್ರಿಯ ಬಹುಮಾನ ಬಂತು. ಅದಕ್ಕೂ ಮುಂಚೆ, ಮನೆಗೆಲಸ ಹೊಲಗೆಲಸಗಳ ನಡುವೆ ಅವನಿಗೆ ಶಾಲೆಗೆ ಬರಲಾಗುತ್ತಿರಲಿಲ್ಲ. ಯಾವ ದಿನ ಯಾವ ಕೆಲಸ ಬಾಕಿಯಿದೆ, ಹಾಳೆಯಲ್ಲಿ ಬರೆದುಕೊಡು ಎಂದು ಮುಚಾಕು ಕೇಳಿದ. ಹುಡುಗ ಬರೆದುಕೊಟ್ಟ. ಮೇಷ್ಟ್ರು ಅದನ್ನು ತಿದ್ದಲಿಲ್ಲ, ಸಹಿಯನ್ನೂ ಹಾಕಲಿಲ್ಲ. ಕ್ಲಾಸಿನ ಹುಡುಗರನ್ನು ಕರೆದು ಆ ಹಾಳೆ ತೋರಿಸಿ, ಏನಾದರೂ ಮಾಡಲಾದೀತೇ ಎಂದ. ಅವರು ನೋಡಿ, ಆಗುತ್ತದೆ, ನಾವೆಲ್ಲ ಸೇರಿದರೆ ಆಗುತ್ತದೆ ಎಂದರು. ಹಿಮ ಬೀಳುವ ಮುಂಚೆ ಸೌದೆ ಹೊರುವುದಿತ್ತು. ಅವರೂ ಅವನೊಡನೆ ಬೆಟ್ಟಕ್ಕೆ ಹೋದರು.